ಕಣದ ಹಳದಿ ದೀಪ: ಪಾದರಸ ಇಲ್ಲದ ಸೋಡಿಯಂ ಲ್ಯಾಂಪ್ ಹೇಗೆ ಕೆಲಸ ಮಾಡುತ್ತೆ, ನಮಗೆ ಬೇಕಾ?

ಹೋದ ಸಲ ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ಕಣದ ಕಂಬದ ದೀಪ ಒಂದು ಆಟ ಶುರು ಮಾಡಿತು. ಸಂಜೆ ಹಾಕಿದರೆ ಚೆನ್ನಾಗಿ ಹತ್ತುತ್ತಿತ್ತು. ಸ್ವಲ್ಪ ಹೊತ್ತು ಉರಿದು ತಾನಾಗಿಯೇ ಆರುತ್ತಿತ್ತು. ಒಂದೆರಡು ನಿಮಿಷ ಕತ್ತಲೆ, ಮತ್ತೆ ಮೆಲ್ಲಗೆ ಹತ್ತುತ್ತಿತ್ತು. ರಾತ್ರಿಯಿಡೀ ಇದೇ ಕತೆ. ಟಾರ್ಪಾಲ್ ಕೆಳಗೆ ಒಂದು ವರ್ಷದ ದುಡಿಮೆ ಮಲಗಿರುವಾಗ ಆ ಎರಡು ನಿಮಿಷದ ಕತ್ತಲೆ ಏನು ಅಂತ ಕಾಫಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಳ್ಳರ ಭಯ ಒಂದು ಕಡೆ, ಆನೆ ಭಯ ಇನ್ನೊಂದು ಕಡೆ.

ಮೊದಲು ವೋಲ್ಟೇಜ್ ಮೇಲೆ ಅನುಮಾನ ಬಂತು. ನೋಡಿಸಿದರೆ ಸರಿಯಾಗಿತ್ತು. ವೈರ್ ಬದಲಾಯಿಸಿದೆ, ಚೋಕ್ ಬದಲಾಯಿಸಿದೆ, ದುಡ್ಡು ಹೋಯಿತೇ ಹೊರತು ದೀಪದ ಆಟ ನಿಲ್ಲಲಿಲ್ಲ. ಕೊನೆಗೆ ಬಲ್ಬ್ ಇಳಿಸುವಾಗ ಅದು ಕೈಜಾರಿ ಕಣದ ಅಂಚಿಗೆ ಬಿದ್ದು ಚೂರಾಯಿತು. ಕೆಲಸದ ಹುಡುಗ ಪೊರಕೆ ತಂದು, "ಗುಡಿಸಿ ತೋಡಿಗೆ ಹಾಕ್ತೀನಿ ಅಣ್ಣ" ಅಂದ. ನಾನು ಸುಮ್ಮನೆ ಹೂಂ ಅನ್ನುವವನಿದ್ದೆ.

ದೀಪ ಯಾಕೆ ಹತ್ತಿ ಹತ್ತಿ ಆರುತ್ತಿತ್ತು? ಒಡೆದ ಚೂರನ್ನು ತೋಡಿಗೆ ಯಾಕೆ ಹಾಕಬಾರದು? ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಾಣುತ್ತವೆ. ಆದರೆ ಎರಡಕ್ಕೂ ಉತ್ತರ ಒಂದೇ: ಪಾದರಸ. ಈ ವಾರ ಅದನ್ನೇ ತಿಳಿದುಕೊಳ್ಳೋಣ.

ಬಲ್ಬ್ ಒಳಗೆ ಏನಿದೆ?

ಕಣ, ಪಲ್ಪರ್ ಮನೆ, ಗೋದಾಮು, ಗೇಟು ಇಲ್ಲೆಲ್ಲ ಕಾಣುವ ಹಳದಿ ಬೆಳಕಿನ ದೊಡ್ಡ ಬಲ್ಬ್‌ಗೆ ನಾವು "ಸೋಡಿಯಂ ಲೈಟ್" ಅಂತೀವಿ. ಪೂರ್ತಿ ಹೆಸರು ಅಧಿಕ ಒತ್ತಡದ ಸೋಡಿಯಂ ದೀಪ. ಹೊರಗಿನ ಗಾಜು ಬರೀ ಕವಚ. ಅದರೊಳಗೆ ಬೆರಳಿನಷ್ಟು ದಪ್ಪವೂ ಇಲ್ಲದ ಒಂದು ಬಿಳಿ ಕೊಳವೆ ಇರುತ್ತೆ. ಬೆಳಕು ಹುಟ್ಟುವುದು ಅಲ್ಲಿ.

ಈ ಕೊಳವೆ ಗಾಜಿನದ್ದಲ್ಲ. ಬಿಸಿ ಸೋಡಿಯಂ ಆವಿ ಗಾಜನ್ನು ತಿಂದುಹಾಕುತ್ತೆ. ಹಾಗಾಗಿ ಇದನ್ನು ಅಲ್ಯೂಮಿನಾ ಎಂಬ ಪಿಂಗಾಣಿಯಂಥ ವಸ್ತುವಿನಿಂದ ಮಾಡುತ್ತಾರೆ. ಬೆಳಕು ಹಾಯ್ದುಹೋಗುವಂಥ ಅಲ್ಯೂಮಿನಾ ಮಾಡುವ ವಿಧಾನವನ್ನು 1950ರ ದಶಕದ ಕೊನೆಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಕೋಬಲ್ ಕಂಡುಹಿಡಿದರು. ಅದರಿಂದಾಗಿಯೇ 1960ರ ದಶಕದ ಮಧ್ಯದಲ್ಲಿ ಈ ದೀಪ ಮಾರುಕಟ್ಟೆಗೆ ಬಂತು.

ಸಾಮಾನ್ಯ ಸೋಡಿಯಂ ದೀಪದ ಕೊಳವೆಯೊಳಗೆ ಮೂರು ವಸ್ತು ಇರುತ್ತವೆ.

1. ಸೋಡಿಯಂ: ಬೆಳಕು ಕೊಡುವ ಲೋಹ.
2. ಕ್ಸೆನಾನ್ ಅನಿಲ: ದೀಪ ಹತ್ತುವುದಕ್ಕೆ ಸಹಾಯ ಮಾಡುವ ಅನಿಲ.
3. ಪಾದರಸ: ಸೋಡಿಯಂ ಜೊತೆ ಮಿಶ್ರಲೋಹವಾಗಿ ಸೇರಿಕೊಂಡಿರುತ್ತೆ.

ಸ್ವಿಚ್ ಹಾಕಿದ ಕೂಡಲೇ ಇಗ್ನೈಟರ್ ಕೆಲವು ಸಾವಿರ ವೋಲ್ಟ್‌ನ ಸಣ್ಣ ಹೊಡೆತ ಕೊಡುತ್ತೆ. ಕ್ಸೆನಾನ್‌ನಲ್ಲಿ ಕಿಡಿ ಹಾಯುತ್ತೆ, ಮಂಕು ಬೆಳಕು ಕಾಣುತ್ತೆ. ಕೊಳವೆ ಬಿಸಿಯಾದ ಹಾಗೆ ಸೋಡಿಯಂ, ಪಾದರಸ ಎರಡೂ ಆವಿಯಾಗುತ್ತವೆ, ಬೆಳಕು ಹೊಂಬಣ್ಣಕ್ಕೆ ತಿರುಗುತ್ತೆ. ಪೂರ್ತಿ ಬೆಳಕಿಗೆ ನಾಲ್ಕೈದು ನಿಮಿಷ ಬೇಕು. ಆಗ ಕೊಳವೆಯ ಗೋಡೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ.

ಬೆಳಕು ಕೊಡದ ಪಾದರಸ ಅಲ್ಲಿ ಯಾಕಿದೆ?

ಒಳ್ಳೆ ಪ್ರಶ್ನೆ. ಈ ದೀಪದಲ್ಲಿ ಬೆಳಕು ಹೆಚ್ಚುಕಮ್ಮಿ ಪೂರ್ತಿ ಸೋಡಿಯಂನದ್ದೇ. ಪಾದರಸ ಎರಡು ಬೇರೆ ಕೆಲಸ ಮಾಡುತ್ತೆ. ಒಂದು, ಅದರ ಆವಿ ಭಾರವಾದದ್ದು, ಶಾಖವನ್ನು ಬೇಗ ಸಾಗಿಸುವುದಿಲ್ಲ. ನಡುವಿನ ಬಿಸಿ ಗೋಡೆಗೆ ಹೋಗಿ ವ್ಯರ್ಥವಾಗದಂತೆ ಕಂಬಳಿ ಹೊದಿಸಿದ ಹಾಗೆ ತಡೆಯುತ್ತೆ. ಇನ್ನೊಂದು, ಕರೆಂಟು ಹರಿಯುವ ದಾರಿಯಲ್ಲಿ ತಡೆ ಹೆಚ್ಚಿಸಿ ಕೊಳವೆಯ ವೋಲ್ಟೇಜನ್ನು ಸುಮಾರು 100 ವೋಲ್ಟ್‌ಗೆ ತರುತ್ತೆ. ಇದರಿಂದ ನಮ್ಮ ಮಾಮೂಲಿ 230 ವೋಲ್ಟ್ ಲೈನು, ಚೋಕಿನ ಜೊತೆ ದೀಪ ಸರಿಹೊಂದುತ್ತೆ. ವೋಲ್ಟೇಜ್ ಕಮ್ಮಿ ಇದ್ದರೆ ಅದೇ ವ್ಯಾಟಿಗೆ ಹೆಚ್ಚು ಕರೆಂಟು ಹರಿಯಬೇಕಾಗುತ್ತಿತ್ತು, ಚೋಕ್ ದಪ್ಪ ಆಗಬೇಕಿತ್ತು.

ಹತ್ತಿ ಆರುವ ಆಟದ ಗುಟ್ಟು

ಸೋಡಿಯಂ ವರ್ಷಗಳು ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತೆ. ಬಿಸಿಯಲ್ಲಿ ಕೊಳವೆಯ ಗೋಡೆ ಜೊತೆ ರಾಸಾಯನಿಕವಾಗಿ ಸೇರಿಕೊಳ್ಳುತ್ತೆ, ಸ್ವಲ್ಪ ಹೊರಗೂ ಹೋಗುತ್ತೆ. ಪಾದರಸ ಮಾತ್ರ ಹಾಗೇ ಉಳಿಯುತ್ತೆ. ಅಂದರೆ ಮಿಶ್ರಣದಲ್ಲಿ ಪಾದರಸದ ಪಾಲು ಜಾಸ್ತಿಯಾಗುತ್ತಾ ಹೋಗುತ್ತೆ. ಜೊತೆಗೆ ಕೊಳವೆಯ ತುದಿಗಳು ಕಪ್ಪಾಗಿ ಹೆಚ್ಚು ಬಿಸಿಯಾಗುತ್ತವೆ, ಆವಿಯ ಒತ್ತಡ ಏರುತ್ತೆ. 100 ವೋಲ್ಟ್ ಇದ್ದದ್ದು ಏರುತ್ತಾ ಏರುತ್ತಾ ಒಂದು ಹಂತದಲ್ಲಿ ಚೋಕ್ ಕೊಡಬಲ್ಲ ಮಿತಿಯನ್ನೇ ದಾಟುತ್ತೆ. ಆಗ ದೀಪ ಆರುತ್ತೆ. ತಣ್ಣಗಾದಾಗ ಆವಿಯ ಒತ್ತಡ ಇಳಿಯುತ್ತೆ, ಇಗ್ನೈಟರ್ ಮತ್ತೆ ಹತ್ತಿಸುತ್ತೆ. ಬಿಸಿಯಾದ ಮೇಲೆ ಮತ್ತೆ ಅದೇ ಗೋಳು.

ಹಾಗಾಗಿ ನೆನಪಿಡಿ: ಸೋಡಿಯಂ ದೀಪ ಒಂದೇ ಲಯದಲ್ಲಿ ಹತ್ತಿ ಆರಿ ಮಾಡುತ್ತಿದ್ದರೆ ಹೆಚ್ಚಿನ ಸಲ ಬಲ್ಬ್‌ಗೆ ವಯಸ್ಸಾಗಿದೆ ಅಂತ ಅರ್ಥ. ಮೊದಲು ಬಲ್ಬ್ ಬದಲಾಯಿಸಿ ನೋಡಿ. ನನ್ನ ಹಾಗೆ ಚೋಕಿಗೆ ದುಡ್ಡು ಸುರಿಯಬೇಡಿ. ಬಲ್ಬನ್ನು ಹಾಗೇ ಬಿಟ್ಟರೆ ಇಗ್ನೈಟರ್‌ಗೆ ಪ್ರತಿ ಸಲವೂ ಕೆಲಸ ಬಿದ್ದು ಅದೂ ಬೇಗ ಕೈಕೊಡುತ್ತೆ.

ಪಾದರಸ ತೆಗೆದರೆ ದೀಪ ಹೇಗೆ ಉರಿಯುತ್ತೆ?

ಪಾದರಸ ಇಲ್ಲದ ಸೋಡಿಯಂ ದೀಪದಲ್ಲಿ ಮೇಲಿನ ಎರಡು ಕೆಲಸಕ್ಕೆ ಬೇರೆ ದಾರಿ ಮಾಡಿದ್ದಾರೆ.

ಕಂಬಳಿಯ ಕೆಲಸ ಕ್ಸೆನಾನ್‌ಗೆ ಹೋಗಿದೆ. ಅದೂ ಭಾರವಾದ ಅನಿಲ, ಶಾಖ ಸಾಗಿಸುವುದರಲ್ಲಿ ಸೋಮಾರಿ. ಹಳೇ ದೀಪಕ್ಕಿಂತ ಹಲವು ಪಟ್ಟು ಹೆಚ್ಚು ಒತ್ತಡದಲ್ಲಿ ಇದನ್ನು ತುಂಬುತ್ತಾರೆ. ವೋಲ್ಟೇಜ್ ಏರಿಸುವ ಕೆಲಸವನ್ನು ಕೊಳವೆಯ ಆಕಾರಕ್ಕೆ ಬಿಟ್ಟಿದ್ದಾರೆ. ಕೊಳವೆ ಉದ್ದ ಮತ್ತು ಸಪೂರ ಇದ್ದಷ್ಟೂ ವೋಲ್ಟೇಜ್ ಹೆಚ್ಚು. ಸಪೂರ ಪೈಪಿನಲ್ಲಿ ನೀರು ದೂಡಬೇಕಾದರೆ ಪಂಪಿಗೆ ಹೆಚ್ಚು ಒತ್ತಡ ಬೇಕಲ್ವಾ, ಹಾಗೇ ಅಂದುಕೊಳ್ಳಿ.

ಕ್ಸೆನಾನ್ ಒತ್ತಡ ಹೆಚ್ಚಿದರೆ ಒಂದು ತೊಂದರೆ ಇದೆ: ಮೊದಲ ಕಿಡಿ ಹಾಯುವುದು ಕಷ್ಟ. ಅದಕ್ಕೆ ಕೊಳವೆಯ ಹೊರಮೈಗೆ ಒಂದು ತೆಳು ತಂತಿ ಒತ್ತಿ ಕೂರಿಸುತ್ತಾರೆ. ಕಿಡಿ ಹುಟ್ಟುವುದಕ್ಕೆ ಅದು ಸಹಾಯಕ. ಇಗ್ನೈಟರ್ ಕೂಡ ಗಟ್ಟಿಯಾಗಿರಬೇಕು. ಮುದಿ ಇಗ್ನೈಟರ್ ಇರುವ ಹಳೇ ಫಿಟ್ಟಿಂಗ್‌ಗೆ ಹೊಸ ಬಲ್ಬ್ ಹಾಕಿ, "ಹತ್ತಲ್ಲ, ಬಲ್ಬ್ ಸರಿಯಿಲ್ಲ" ಅಂದರೆ ತಪ್ಪು ಬಲ್ಬಿನದ್ದಲ್ಲ.

ಲಾಭ ಏನು? ಸೋಡಿಯಂ ಕರಗಿದರೂ ವೋಲ್ಟೇಜ್ ಏರಿಸಲು ಒಳಗೆ ಪಾದರಸ ಇಲ್ಲ. ಹಾಗಾಗಿ ವಯಸ್ಸಾದ ಮೇಲೂ ಹತ್ತಿ ಆರುವ ಆಟ ಆಡುವುದಿಲ್ಲ. ವರ್ಷಗಳು ಕಳೆದರೂ ವೋಲ್ಟೇಜ್, ಬೆಳಕಿನ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಆದರೆ ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ಹಳೇ ದೀಪ ತನ್ನ ಆಯಸ್ಸು ಮುಗಿಯಿತು ಅಂತ ಗಲಾಟೆ ಮಾಡಿ ಹೇಳುತ್ತಿತ್ತು. ಇದು ಮೆಲ್ಲಗೆ ಮಂಕಾಗುತ್ತಾ ಹೋಗಬಹುದು, ನಮಗೆ ಗೊತ್ತಾಗುವುದೇ ಇಲ್ಲ. ಬಲ್ಬ್ ಹಾಕಿದ ದಿನಾಂಕವನ್ನು ಕಂಬದ ಮೇಲೆ ಬರೆದಿಡಿ, ಇಲ್ಲವೇ ಫೋಟೋ ತೆಗೆದು ಫೋನಿನಲ್ಲಿಡಿ.

ಬೆಳಕು ಎಷ್ಟು, ಕರೆಂಟು ಎಷ್ಟು?

ಬೆಳಕಿನ ಅಳತೆ ಲ್ಯುಮೆನ್. 150 ವ್ಯಾಟಿನ ಸೋಡಿಯಂ ದೀಪ ಸುಮಾರು 15,000, 250 ವ್ಯಾಟಿನದ್ದು ಸುಮಾರು 27,000, 400 ವ್ಯಾಟಿನದ್ದು 48,000 ಲ್ಯುಮೆನ್ ಆಸುಪಾಸು ಕೊಡುತ್ತೆ. ಪಾದರಸ ಇಲ್ಲದ್ದೂ ಹೆಚ್ಚುಕಮ್ಮಿ ಇದೇ ಮಟ್ಟದಲ್ಲಿರುತ್ತೆ. ಕೊಳ್ಳುವಾಗ ಡಬ್ಬಿ ಮೇಲಿನ ಲ್ಯುಮೆನ್ ಅಂಕಿ ನೋಡಿ ಹೋಲಿಸಿ.

ಈಗ ಲೆಕ್ಕ. 250 ವ್ಯಾಟಿನ ಬಲ್ಬಿನ ಚೋಕ್ ಕೂಡ ಸುಮಾರು 25 ವ್ಯಾಟ್ ತಿನ್ನುತ್ತೆ. ಒಟ್ಟು 275 ವ್ಯಾಟ್. ರಾತ್ರಿ 12 ಗಂಟೆ ಉರಿದರೆ 3.3 ಯೂನಿಟ್. ಕೊಯ್ಲು, ಒಣಗಿಸುವಿಕೆ ಸೇರಿ 90 ರಾತ್ರಿ ಅಂದರೆ 297 ಯೂನಿಟ್. ಅದೇ ಕಣಕ್ಕೆ 120ರಿಂದ 150 ವ್ಯಾಟಿನ ಒಳ್ಳೆಯ ಎಲ್‌ಇಡಿ ಸಾಕಾಗುತ್ತೆ. ಯಾಕೆಂದರೆ ಸೋಡಿಯಂ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತೆ, ಒಂದಷ್ಟು ಫಿಟ್ಟಿಂಗ್ ಒಳಗೇ ಕಳೆದುಹೋಗುತ್ತೆ. ಎಲ್‌ಇಡಿ ಬೇಕಾದ ಕಡೆಗೇ ಹಾಯಿಸುತ್ತೆ. ಆಗ 90 ರಾತ್ರಿಗೆ 130ರಿಂದ 160 ಯೂನಿಟ್. ನಿಮ್ಮ ಚೆಸ್ಕಾಂ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ನೋಡಿ, ಉಳಿತಾಯ ಎಷ್ಟು ಅಂತ ಗೊತ್ತಾಗುತ್ತೆ.

ವೋಲ್ಟೇಜ್ ವಿಚಾರವೂ ಇದೆ. ಲೈನಿನಲ್ಲಿ ವೋಲ್ಟೇಜ್ ಶೇ. 10 ಇಳಿದರೆ ಸೋಡಿಯಂ ದೀಪದ ಬೆಳಕು ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತೆ. ಕರೆಂಟು ಒಂದು ಕ್ಷಣ ಹೋಗಿ ಬಂದರೂ ದೀಪ ತಣ್ಣಗಾಗುವ ತನಕ ಹತ್ತುವುದಿಲ್ಲ. ಪಾದರಸ ಇರಲಿ ಇಲ್ಲದಿರಲಿ, ಇದು ಸೋಡಿಯಂ ದೀಪದ ಹುಟ್ಟುಗುಣ. ಗೇಟಿನ ಹತ್ತಿರ ಆನೆ ನಿಂತಿರುವಾಗ ಐದು ನಿಮಿಷ ಕಾಯೋಕಾಗಲ್ಲ. ಅಂಥ ಕಡೆ ಥಟ್ಟನೆ ಹತ್ತುವ ಎಲ್‌ಇಡಿಯೇ ಸರಿ.

ಹಾಗಂತ ಎಲ್‌ಇಡಿಗೆ ದೋಷ ಇಲ್ಲ ಅಂತಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಅದರ ಡ್ರೈವರ್ ಸುಟ್ಟುಹೋಗುತ್ತೆ. ತಾಮ್ರದ ಹಳೇ ಚೋಕ್ ಅಂಥ ಏಟನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತೆ. ಎಲ್‌ಇಡಿ ಹಾಕುವವರು ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಮಾಡಿಸಲೇಬೇಕು.

ಮೂರು ತಪ್ಪು ತಿಳುವಳಿಕೆ

"ಹಳದಿ ಬೆಳಕಲ್ಲಿ ಹಣ್ಣು ಆರಿಸಬಹುದು." ಬೇಡ. ಬಣ್ಣ ಸರಿಯಾಗಿ ತೋರಿಸುವ ಗುಣಕ್ಕೆ 100 ಅಂಕ ಅಂದರೆ ಸೋಡಿಯಂ ದೀಪಕ್ಕೆ ಸಿಗುವುದು 20-25 ಮಾತ್ರ. ಪಾದರಸ ತೆಗೆದರೂ ಇದು ಸುಧಾರಿಸುವುದಿಲ್ಲ. ಕೆಂಪು ಹಣ್ಣು ಕಂದಾಗಿ, ಹಸಿರು ಕಾಯಿ ಮಾಸಲು ಹಳದಿಯಾಗಿ ಕಾಣುತ್ತೆ. ಸಂಜೆ ತಡವಾಗಿ ಬಂದ ಹಣ್ಣನ್ನು ಈ ಬೆಳಕಲ್ಲಿ ಆರಿಸಿ ಪಲ್ಪರ್‌ಗೆ ಹಾಕಿದರೆ ಹಸಿರು ಕಾಯಿ ಒಳಗೆ ಹೋಗುತ್ತೆ, ಕಪ್ಪಿನ ರುಚಿ ಕೆಡುತ್ತೆ. ಆರಿಸುವ ಜಾಗಕ್ಕೆ ಬಣ್ಣದ ಅಂಕ 80ಕ್ಕಿಂತ ಹೆಚ್ಚಿರುವ ಎಲ್‌ಇಡಿ ಹಾಕಿ.

"ಹಳದಿ ಬೆಳಕು ಮಂಜನ್ನು ಸೀಳುತ್ತೆ." ನಮ್ಮ ಮಡಿಕೇರಿ ಕಡೆ ಎಲ್ಲರೂ ಹೇಳುವ ಮಾತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ತುಂಬಾ ದೊಡ್ಡವು. ಎಲ್ಲಾ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ರೀತಿ ಚದುರಿಸುತ್ತವೆ. ಕಣ್ಣಿಗೆ ಕುಕ್ಕುವುದು ಸ್ವಲ್ಪ ಕಮ್ಮಿ ಅನ್ನಿಸಬಹುದು, ಅಷ್ಟೇ. ದೀಪವನ್ನು ಕೆಳಮುಖವಾಗಿ ಕಟ್ಟಿದರೆ ಹೆಚ್ಚು ಪ್ರಯೋಜನ.

"ಹಾಲೆಂಡಿನಲ್ಲಿ ಹಸಿರುಮನೆಗೆ ಸೋಡಿಯಂ ಹಾಕ್ತಾರೆ, ನಾವೂ ಹಾಕೋಣ." ಆ ವಿಡಿಯೋ ನಾನೂ ನೋಡಿದ್ದೇನೆ. ಅಲ್ಲಿ ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಕೊಡಗಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತೆ. ಆಂಥೂರಿಯಂಗೆ ನಾವು ನೆರಳುಬಲೆ ಕಟ್ಟಿ ಬೆಳಕು ಕಮ್ಮಿ ಮಾಡುತ್ತೇವೆ. ಅದರೊಳಗೆ 400 ವ್ಯಾಟಿನ ದೀಪ ಹಾಕುವುದು ದುಡ್ಡು ಸುಟ್ಟ ಹಾಗೆ.

ಒಂದು ನಿಜವೂ ಇದೆ. ಹಳದಿ ಬೆಳಕಿಗೆ ಬಿಳಿ ಬೆಳಕಿನಷ್ಟು ಹುಳು ಮುತ್ತುವುದಿಲ್ಲ. ಎಲ್‌ಇಡಿ ಕೊಳ್ಳುವಾಗಲೂ ನೀಲಿಬಿಳುಪಿನದ್ದು ಬಿಟ್ಟು ಬೆಚ್ಚಗಿನ ಹಳದಿಬಿಳುಪಿನದ್ದು ಕೇಳಿ. ಯಾವ ದೀಪವಾದರೂ ಬೆಳಕು ಭತ್ತದ ಗದ್ದೆಗೆ ಬೀಳದ ಹಾಗೆ ತಿರುಗಿಸಿ. ರಾತ್ರಿಯಿಡೀ ಬೆಳಕು ಬಿದ್ದ ಕಡೆ ಕೆಲವು ತಳಿಯ ಭತ್ತ ತೆನೆ ಬಿಡುವುದು ತಡವಾಗುತ್ತೆ.

ತೋಡಿಗೆ ಯಾಕೆ ಹಾಕಬಾರದು?

ಈಗ ಒಡೆದ ಬಲ್ಬಿನ ಕಡೆ ಬರೋಣ. ಪಾದರಸ ಇರುವ ಒಂದು ಸೋಡಿಯಂ ಬಲ್ಬಿನಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಗ್ರಾಂ ಪಾದರಸ ಇರುತ್ತೆ. ಸಾಸಿವೆ ಕಾಳಿಗಿಂತ ಚಿಕ್ಕ ಹನಿ. "ಇಷ್ಟೇನಾ?" ಅನ್ನಬೇಡಿ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಪಾದರಸ ಲೀಟರಿಗೆ 0.001 ಮಿಲಿಗ್ರಾಂ ಮೀರಬಾರದು. ಬರೀ ಲೆಕ್ಕ ಹಾಕಿದರೆ 20 ಮಿಲಿಗ್ರಾಂ ಅಂದರೆ 20,000 ಲೀಟರ್ ನೀರನ್ನು ಆ ಮಿತಿಗೆ ತರುವಷ್ಟು. ಎಲ್ಲವೂ ಒಂದೇ ಸಲ ಕರಗುವುದಿಲ್ಲ, ನಿಜ. ಆದರೆ ಅದು ಎಲ್ಲೂ ಹೋಗುವುದೂ ಇಲ್ಲ.

ನಮ್ಮ ನೆಲದ ಇಳಿಜಾರು ನೋಡಿ. ಮೇಲೆ ಕಾಫಿ ತೋಟ, ಕೆಳಗೆ ತೋಡು, ಅದರ ಪಕ್ಕದಲ್ಲಿ ಗದ್ದೆ. ನೀರು ನಿಂತ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿರುವ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಾಯಿಸುತ್ತವೆ. ಇದು ಮೀನಿನ ಮೈಯಲ್ಲಿ ಸೇರಿ ಕೂಡುತ್ತಾ ಹೋಗುತ್ತೆ, ಅದನ್ನು ತಿಂದವರ ನರಮಂಡಲಕ್ಕೆ ಹಾನಿ ಮಾಡುತ್ತೆ, ಹೊಟ್ಟೆಯಲ್ಲಿರುವ ಮಗುವಿಗೆ ಇನ್ನೂ ಹೆಚ್ಚು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ನೀರಿನಿಂದ ಹೀಗೇ ಆಗಿ 1956ರಲ್ಲಿ ರೋಗ ಬೆಳಕಿಗೆ ಬಂತು. ಆ ಊರಿನ ಹೆಸರಿನಲ್ಲೇ ಪಾದರಸ ಕಮ್ಮಿ ಮಾಡುವ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಬಿಳಿ ಬೆಳಕಿನ ಪಾದರಸ ಆವಿ ದೀಪಗಳಿಗೆ ಆ ಒಪ್ಪಂದ 2020ರ ಗಡುವು ಹಾಕಿತ್ತು. ಸೋಡಿಯಂ ದೀಪ ಆ ಗಡುವಿನಲ್ಲಿ ಸೇರಿರಲಿಲ್ಲ. ಹಾಗಾಗಿ ಪಾದರಸ ಇದ್ದದ್ದು, ಇಲ್ಲದ್ದು ನೋಡಿ ತಿಳಿಯುವ ಕೆಲಸ ನಮ್ಮ ಮೇಲೇ ಬಿದ್ದಿದೆ.

ಒಂದು ಬಲ್ಬಿನಿಂದ ಮಿನಮಾಟ ಆಗುವುದಿಲ್ಲ. ಆದರೆ ಪ್ರತಿ ತೋಟದವರೂ "ನನ್ನದು ಒಂದೇ ಅಲ್ವಾ" ಅಂದುಕೊಂಡರೆ ಎಲ್ಲಾ ತೋಡೂ ಸೇರುವುದು ಕಾವೇರಿಗೇ.

ಬಲ್ಬ್ ಒಡೆದರೆ ಏನು ಮಾಡಬೇಕು?

- ಮೊದಲು ಕರೆಂಟು ಆಫ್ ಮಾಡಿ. ಮಕ್ಕಳು, ನಾಯಿ ಹತ್ತಿರ ಬಾರದ ಹಾಗೆ ನೋಡಿ.
- ಒಳಗಿನ ಬಿಳಿ ಕೊಳವೆ ಪೂರ್ತಿಯಾಗಿದೆಯಾ ನೋಡಿ. ಪಾದರಸ ಇರುವುದು ಅದರಲ್ಲಿ. ಹೊರಗಾಜು ಮಾತ್ರ ಒಡೆದಿದ್ದರೆ ಪಾದರಸ ಹೊರಗೆ ಬಂದಿಲ್ಲ. ಕೊಳವೆಯನ್ನು ಹಾಗೇ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ.
- ಕೊಳವೆಯೂ ಒಡೆದಿದ್ದರೆ ಹದಿನೈದು ನಿಮಿಷ ಗಾಳಿಯಾಡಲು ಬಿಡಿ. ಒಳಾಂಗಣವಾದರೆ ಕಿಟಕಿ, ಬಾಗಿಲು ತೆರೆದು ಹೊರಗೆ ಬನ್ನಿ.
- ಪೊರಕೆ ಬೇಡ, ವ್ಯಾಕ್ಯೂಮ್ ಬೇಡ. ಇವು ಪಾದರಸವನ್ನು ಹರಡುತ್ತವೆ. ಕೈಗವಸು ಹಾಕಿ ಎರಡು ದಪ್ಪ ರಟ್ಟಿನಿಂದ ಚೂರು ಎತ್ತಿ, ಸಣ್ಣ ಪುಡಿಯನ್ನು ಅಂಟುಟೇಪಿನಿಂದ ಒತ್ತಿ ತೆಗೆಯಿರಿ.
- ರಟ್ಟು, ಟೇಪು, ಚೂರು ಎಲ್ಲಾ ಒಂದೇ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಹೊರಗೆ "ಪಾದರಸ" ಅಂತ ಬರೆಯಿರಿ.
- ಚೂರು ಬಿದ್ದ ಜಾಗದ ಕಾಫಿಯನ್ನು ರಾಶಿಗೆ ಸೇರಿಸಬೇಡಿ. ನಾಲ್ಕು ಸೇರು ಕಾಫಿಯ ಆಸೆಗೆ ಇಡೀ ಲಾಟಿನಲ್ಲಿ ಗಾಜು ಸೇರಿಸಿಕೊಳ್ಳುವುದು ಬೇಡ.

ಒಡೆಯದ ಹಳೇ ಬಲ್ಬನ್ನು ಹೊಸದರ ರಟ್ಟಿನ ಡಬ್ಬಿಯಲ್ಲೇ ಇಟ್ಟು ಜೋಪಾನ ಮಾಡಿ. ಚೋಕನ್ನು ಗುಜರಿಗೆ ಕೊಡಿ, ಬಲ್ಬನ್ನು ಕೊಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸ ಇರುವ ದೀಪಗಳೂ ಸೇರಿವೆ. ಪರವಾನಗಿ ಇರುವ ಮರುಬಳಕೆದಾರರ ಪಟ್ಟಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಿ. ಒಂದು ಬಲ್ಬಿಗೆ ಯಾರೂ ಬರುವುದಿಲ್ಲ. ಹತ್ತು ತೋಟದವರು ವಾಟ್ಸಾಪ್ ಗುಂಪಿನಲ್ಲಿ ಮಾತಾಡಿಕೊಂಡು ಒಂದೇ ಕಡೆ ಕೂಡಿಟ್ಟರೆ ಕಳಿಸುವುದು ಸುಲಭ.

ಕೊನೆಗೆ ಏನು ಕೊಳ್ಳೋಣ?

ಹೊಸದಾಗಿ ಕಂಬ ಹಾಕುವವರು ನೇರವಾಗಿ ಎಲ್‌ಇಡಿಗೆ ಹೋಗಿ. ಅದರಲ್ಲಿ ಪಾದರಸವೂ ಇಲ್ಲ, ಬಿಲ್ಲೂ ಕಮ್ಮಿ.

ಒಳ್ಳೆಯ ಸ್ಥಿತಿಯ ಸೋಡಿಯಂ ಫಿಟ್ಟಿಂಗ್ ಇದ್ದು, ಈಗಲೇ ದುಡ್ಡು ಹಾಕುವ ಮನಸ್ಸಿಲ್ಲ ಅನ್ನುವವರು ಮುಂದಿನ ಬಲ್ಬ್ ಕೊಳ್ಳುವಾಗ "ಮರ್ಕ್ಯುರಿ ಫ್ರೀ ಇದೆಯಾ?" ಅಂತ ಕೇಳಿ. ವ್ಯಾಟು, ಹೋಲ್ಡರು, ಇಗ್ನೈಟರು ಹೊಂದುತ್ತಾ ಅಂತ ಡಬ್ಬಿ ಮೇಲೆ ಓದಿ. ಡಬ್ಬಿಯಲ್ಲಿ "ಎಚ್‌ಜಿ" ಎಂಬ ಎರಡು ಇಂಗ್ಲಿಷ್ ಅಕ್ಷರದ ಗುರುತಿದ್ದರೆ ಪಾದರಸ ಇದೆ ಅಂತ ಅರ್ಥ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಬೀದಿದೀಪದ ಹಳೇ ಬಲ್ಬ್ ಮಾತ್ರ ತರಬೇಡಿ. ಅದು ಮುದಿಯಾಗಿರುತ್ತೆ, ಒಳಗೆ ಪಾದರಸವೂ ಇರುತ್ತೆ. ಬೇರೆಯವರ ಕಸವನ್ನು ದುಡ್ಡು ಕೊಟ್ಟು ನಮ್ಮ ತೋಡಿನ ದಡಕ್ಕೆ ತಂದ ಹಾಗಾಗುತ್ತೆ.

ನಮ್ಮ ಕಣದ ಒಡೆದ ಬಲ್ಬು ಈಗಲೂ ಗೋದಾಮಿನ ಮೇಲಿನ ಹಲಗೆಯಲ್ಲಿ ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿದೆ. ಅದರ ಪಕ್ಕದಲ್ಲಿ ಪಕ್ಕದ ತೋಟದವರು ತಂದಿಟ್ಟ ಇನ್ನೂ ಮೂರು ಸೇರಿವೆ. ನಿಮ್ಮ ಊರಿನಲ್ಲೂ ಯಾರಾದರೊಬ್ಬರ ಹಲಗೆಯಲ್ಲಿ ಇದಕ್ಕೆ ಜಾಗ ಮಾಡಿ. ಇವತ್ತು ಸಂಜೆ ದೀಪ ಹಾಕಿದಾಗ ಹತ್ತು ನಿಮಿಷ ನಿಂತು ನೋಡಿ: ಅದು ಸುಮ್ಮನೆ ಉರಿಯುತ್ತಾ, ಇಲ್ಲ ಆಟ ಶುರು ಮಾಡಿದೆಯಾ?